ಕೊಕ್ಕರೆಗೆ ಸಿಕ್ಕ ಜಾಗ

ಅವನ ಕಾಲುಗಳು ಮೈಗಿಂತ ಮೊದಲೇ ಬೆಳೆದುಬಿಟ್ಟಿದ್ದವು. ಅಕ್ಕ ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟಳು. ಬೀದಿಯವರು, ಶಾಲೆಯವರು, ಕಡೆಗೆ ಫುಟ್‌ಬಾಲ್ ಅಕಾಡೆಮಿಯವರೂ ಅದನ್ನೇ ಹಿಡಿದುಕೊಂಡರು. ನಗರದ ದೊಡ್ಡ ಕ್ಲಬ್ಬಿನ ಅಕಾಡೆಮಿ ಅದು. ಚಿಕ್ಕಂದಿನಲ್ಲೇ ಅವನನ್ನು ಅಲ್ಲಿಗೆ ಆರಿಸಿಕೊಂಡಾಗ, ಸಿಟಿ ಬಸ್ಸಿನ ಡ್ರೈವರ್ ಆಗಿದ್ದ ಅಮ್ಮ ಡಿಪೋದಲ್ಲಿದ್ದವರಿಗೆಲ್ಲ ಚಹಾ ಕೊಡಿಸಿ, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಹದಿನೆಂಟು ತುಂಬಿದ ಹುಡುಗರನ್ನು ಒಬ್ಬೊಬ್ಬರಾಗಿ ಕರೆಸಿ, ಉಳಿಸಿಕೊಳ್ಳುತ್ತಾರೋ ಇಲ್ಲವೋ ಎಂದು ಹೇಳುವ ದಿನ ಬಂತು. ನೋವಿನ ಎಣ್ಣೆಯ ವಾಸನೆ ತುಂಬಿದ್ದ ಕೋಣೆಯಲ್ಲಿ ಒಂದು ಗಿಡ್ಡ ಕುರ್ಚಿ. ಕೂತರೆ ಕೊಕ್ಕರೆಯ ಮಂಡಿ ಎದೆಗೇ ಬಂತು. ಅಕಾಡೆಮಿಯ ಕೋಚ್ ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸಿದರು.

"ನಿನಗೆ ಆಟ ಬರಲ್ಲ ಅಂತಲ್ಲಪ್ಪ. ಎಡಗಡೆ ಫಾರ್ವರ್ಡ್ ಆಗೋಕೆ ಇನ್ನೂ ಚುರುಕಾಗಿರೋರು ಬೇಕು. ಈ ಸಲ ನಿಮ್ಮ ಇಡೀ ಗುಂಪಲ್ಲಿ ಕ್ಲಬ್ಬಿನ ಮೊದಲ ತಂಡದ ಕಡೆ ಹೋಗ್ತಿರೋದು ಒಬ್ಬನೇ."

ಹೊರಗೆ ಗೋಡೆಗೆ ಒರಗಿಕೊಂಡು ಗುಂಡ ನಿಂತಿದ್ದ. ಗೋಲ್‌ಕೀಪರ್, ಕೊಕ್ಕರೆಯ ಜೀವದ ಗೆಳೆಯ.

"ನಿಂದೂ ಮುಗೀತಾ?"

"ಮುಗೀತು ಕಣೋ."

"ಇಷ್ಟು ವರ್ಷ ಜರಡಿ ಹಿಡಿದು ಹಿಡಿದು ಒಂದೇ ಒಂದು ಕಾಳು ಉಳಿಸ್ಕೊಂಡ್ರಲ್ಲೋ! ಹೀಗೆ ಆರಿಸಿದ್ರೆ ಮನೇಲಿ ಯಾರಿಗೂ ಊಟಾನೇ ಸಿಗಲ್ಲ."

ಇಬ್ಬರೂ ನಕ್ಕರು. ನಗು ಅರ್ಧಕ್ಕೇ ನಿಂತುಹೋಯಿತು.

ಕೊಕ್ಕರೆ ಕಣ್ಣಿಗೆ ಬಿದ್ದ ಬಸ್ಸು ಹತ್ತಿ, ಕೊನೆಯ ಸೀಟಿನಲ್ಲಿ ಬೂಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಜೊತೆಯ ಡ್ರೈವರೊಬ್ಬನಿಗೆ ಹುಷಾರಿಲ್ಲವೆಂದು ಅಮ್ಮ ಆ ದಿನ ಅವನ ಪಾಳಿಗೆ ಬಂದು ಅದೇ ಬಸ್ಸು ಓಡಿಸುತ್ತಿದ್ದಳು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಭ್ಯಾಸದ ಹೊತ್ತಿನಲ್ಲಿ ಮಗ ಬಸ್ಸಿನಲ್ಲಿರುವುದನ್ನು ಅವಳು ಕನ್ನಡಿಯಲ್ಲಿ ಕಂಡಳು. ಅವನು ಇಳಿಯಬೇಕಾದ ನಿಲ್ದಾಣ ದಾಟಿತು. ಅವನು ಏಳಲಿಲ್ಲ, ಅವಳು ಕೂಗಲಿಲ್ಲ. ಕಡೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಎಂಜಿನ್ ಆರಿಸಿ, ಹಿಂದೆ ಬಂದು ಪಕ್ಕದಲ್ಲಿ ಕೂತಳು.

"ಟಿಕೆಟ್ ತಗೊಂಡಿದ್ದೀಯಾ?"

"ಅಮ್ಮ! ನೀನಾ?"

"ತಗೊಂಡಿದ್ದೀಯಾ ಅಂದೆ."

"ಹೂಂ."

"ಮತ್ತ್ಯಾಕೆ ಕದ್ದು ಬಂದೋನ ಥರ ತಲೆ ತಗ್ಗಿಸ್ಕೊಂಡಿದ್ದೀಯ?"

ಅವನು ಎಲ್ಲ ಹೇಳಿದ. ಅಮ್ಮ ಅವನ ಬೆನ್ನ ಮೇಲೆ ಕೈಯಿಟ್ಟಳು.

"ನನಗೆ ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ ಕಂದ. ಹೊಟ್ಟೆ ಉರೀತಿದೆ. ಆದ್ರೆ ಈಗ ಬಸ್ ತಿರುಗಿಸ್ಬೇಕು. ಮುಂದೆ ಬಾ, ನನ್ನ ಹಿಂದಿನ ಸೀಟಲ್ಲಿ ಕೂತ್ಕೊ."

ಆಮೇಲಿನ ದಿನಗಳಲ್ಲಿ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಬೂಟುಗಳು ಮಂಚದ ಕೆಳಗೆ ಸೇರಿದವು. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಕ್ಕ ಒಂದು ಬೆಳಿಗ್ಗೆ ಬಂದು ಹೊದಿಕೆ ಎಳೆದಳು.

"ಲೋ, ಆಟ ಬಿಡ್ತೀಯಾ, ಬಿಡು. ಯಾರೂ ಬೇಡ ಅನ್ನಲ್ಲ. ಆದ್ರೆ ಆಟ ಬಿಡೋದೇ ಬೇರೆ, ಹೀಗೆ ಹಾಸಿಗೆ ಹಿಡಿಯೋದೇ ಬೇರೆ. ಯಾವ್ದು ಮಾಡ್ತಿದ್ದೀಯ ಹೇಳು."

ಅವನು ಗೋಡೆಯ ಕಡೆ ತಿರುಗಿಕೊಂಡ. ಆ ಕಡೆ ಮುಖ ಮಾಡಿಕೊಂಡೇ, "ಆಡ್ಬೇಕು ಅಕ್ಕ" ಎಂದ.

ಅಕ್ಕ ಊಟದ ಬಿಡುವಿನಲ್ಲಿ ಸಣ್ಣಪುಟ್ಟ ಕ್ಲಬ್ಬುಗಳಿಗೆಲ್ಲ ಫೋನ್ ಮಾಡತೊಡಗಿದಳು. ಹಲವರು ಮಾತು ಮುಗಿಸುವ ಮೊದಲೇ ಇಟ್ಟುಬಿಟ್ಟರು. ಪಕ್ಕದ ಊರಿನಲ್ಲಿ, ರೈಲ್ವೆ ಯಾರ್ಡಿನ ಬದಿಯಲ್ಲಿದ್ದ ಎರಡನೇ ದರ್ಜೆಯ ಕ್ಲಬ್ಬೊಂದು ಮಾತ್ರ, "ಕಳಿಸಿ, ನೋಡೋಣ" ಎಂದಿತು. ಕೊಕ್ಕರೆ ಗುಂಡನನ್ನೂ ಕರೆದ. ಗುಂಡ ಆಗಲೇ ಮಾವನ ಜೊತೆ ಫ್ರಿಜ್ ರಿಪೇರಿ ಕಲಿಯಲು ಸೇರಿದ್ದ.

"ನಾನು ಬರಲ್ಲ ಕಣೋ. ನಿಜ ಹೇಳ್ಲಾ? ಈಗ ನಿದ್ದೆ ಚೆನ್ನಾಗಿ ಬರ್ತಿದೆ. ನಾಳೆ ಮ್ಯಾಚು ಅನ್ನೋ ಭಯ ಇಲ್ಲ. ನೀನು ಹೋಗು, ನಿನಗಿನ್ನೂ ಆ ಹುಚ್ಚು ಬಿಟ್ಟಿಲ್ಲ."

ಆ ಕ್ಲಬ್ಬಿನ ಕೋಚ್ ದಪ್ಪ ದನಿಯ ಹೆಂಗಸು, ಒಂದು ಕಾಲದಲ್ಲಿ ಹೆಸರು ಮಾಡಿದ ಡಿಫೆಂಡರ್. ಪರೀಕ್ಷೆಯ ಆಟದಲ್ಲಿ ಅವರು ಕೊಕ್ಕರೆಯನ್ನು ಅವನ ಮಾಮೂಲು ಜಾಗದಲ್ಲೇ ಬಿಟ್ಟರು. ಏನೂ ನಡೆಯಲಿಲ್ಲ. ಚೆಂಡು ಕಾಲಿಗೆ ಸಿಕ್ಕಂತೆ ಸಿಕ್ಕು ಗೆರೆ ದಾಟಿ ಹೋಗುತ್ತಿತ್ತು. ನಾಚಿಕೆಗೆ ಅವನ ಕಿವಿ ಕೆಂಪಾಯಿತು. ಅಷ್ಟರಲ್ಲಿ ಹಿಂದೆ ಡಿಫೆಂಡರ್ ಆಗಿ ಆಡುತ್ತಿದ್ದ ಹುಡುಗನ ಪಾದ ಉಳುಕಿತು.

"ಏ ಉದ್ದ ಕಾಲಿನೋನೇ, ಹಿಂದಕ್ಕೆ ಹೋಗು!"

"ಮೇಡಂ, ನಾನು ಫಾರ್ವರ್ಡು."

"ಅಲ್ಲಿ ಏನಾಗಿದ್ಯೋ ನನಗೆ ಬೇಡ. ಇಲ್ಲಿ ಹಿಂದೆ ಆಳಿಲ್ಲ."

ಹೋಗಿ ನಿಂತ. ಇಡೀ ಮೈದಾನ ಕಣ್ಣ ಮುಂದೆ ಹರಡಿಕೊಂಡಿತ್ತು. ಎದುರಿನಿಂದ ನುಗ್ಗಿ ಬರುವ ಫಾರ್ವರ್ಡ್ ಯಾವ ಕಡೆ ವಾಲುತ್ತಾನೆ, ಯಾವಾಗ ಒಳಗೆ ತಿರುಗುತ್ತಾನೆ ಎಂಬುದು ಅವನಿಗೆ ಮೊದಲೇ ತಿಳಿಯುತ್ತಿತ್ತು. ಇಷ್ಟು ವರ್ಷ ಫಾರ್ವರ್ಡ್ ಆಗಿ ಅವನು ಮಾಡಿದ್ದೂ ಅದನ್ನೇ ಅಲ್ಲವೇ? ಬರುವವರ ಚೆಂಡನ್ನು ಉದ್ದ ಕಾಲು ಚಾಚಿ ಕಸಿದುಕೊಂಡ. ಮತ್ತೆ ಕಸಿದುಕೊಂಡ. ಆಟದಲ್ಲಿ ಖುಷಿ ಎನ್ನುವುದೊಂದಿದೆ ಎಂದು ಬಹಳ ದಿನಗಳ ಮೇಲೆ ನೆನಪಾಯಿತು.

"ನೀನು ಹಿಂದೆ ಆಡೋನು ಅಂತ ಯಾರೂ ಹೇಳಿರ್ಲಿಲ್ವಾ?" ಎಂದು ಕೋಚ್ ಕೇಳಿದರು.

"ಇಲ್ಲ ಮೇಡಂ."

"ನಾನು ಹೇಳ್ತಿದ್ದೀನಿ. ಸದ್ಯಕ್ಕೆ ಮೀಸಲು ತಂಡದಲ್ಲಿರು. ತಲೇಲಿ ಚೆಂಡು ಹೊಡೆಯೋಕೆ ಹೆದರ್ತೀಯ, ಬಾಯಿಬಿಟ್ಟು ಕೂಗೋಕೆ ನಾಚ್ಕೋತೀಯ. ಎರಡೂ ಕಲೀಬೇಕು."

ಅವನು ಆ ಊರಿನಲ್ಲೇ ಕೋಣೆ ಹಿಡಿದ. ಬೆಳಿಗ್ಗೆ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಒದ್ದೆ ಬೆಡ್‌ಶೀಟುಗಳನ್ನು ಹಿಂಡುವ ಕೆಲಸ, ಮಧ್ಯಾಹ್ನದ ಮೇಲೆ ಅಭ್ಯಾಸ. ಹಣೆಯ ಮೇಲೆ ಬುಗುಟು ಏಳದ ವಾರವಿರಲಿಲ್ಲ. ಕೂಗುವುದಂತೂ ಬಹಳ ಕಷ್ಟವಾಯಿತು. ಮೊದಮೊದಲು, "ಸ್ವಲ್ಪ ಎಡಗಡೆ ಬರ್ತೀರಾ?" ಎಂದು ತಂಡದವರನ್ನು ಕೇಳಿ ಎಲ್ಲರ ನಗೆಪಾಟಲಿಗೆ ಈಡಾದ. ವರ್ಷ ಕಳೆಯುವಷ್ಟರಲ್ಲಿ ಅವನ ಗಂಟಲಿಗೆ ಯಾರ್ಡಿನ ಕೂಲಿಗಳೂ ತಿರುಗಿ ನೋಡುವಂತಾಯಿತು.

ಮರುವರ್ಷ, ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ, ಮೊದಲ ತಂಡದ ಡಿಫೆಂಡರ್ ಆಟದ ನಡುವೆ ತೊಡೆ ಹಿಡಿದುಕೊಂಡು ಕೂತ. ಕೋಚ್ ಬೆಂಚಿನ ಕಡೆ ತಿರುಗಿ ಕೊಕ್ಕರೆಗೆ ಕೈ ತೋರಿಸಿದರು. ಅಮ್ಮ, ಅಕ್ಕ, ಗುಂಡ ಮೂವರೂ ಬಂದಿದ್ದರು. ಅವನು ಮೀಸಲು ಆಟಗಾರರ ಬೆಂಚಿನಲ್ಲಿ ಕೂರುವುದನ್ನಾದರೂ ನೋಡೋಣ ಎಂದು.

ಅವನ ಮೊದಲ ಪಾಸು ನೇರವಾಗಿ ಎದುರಾಳಿಯ ಕಾಲಿಗೇ ಹೋಯಿತು. ಎದುರಾಳಿಯ ಹೊಡೆತ ಗೋಲಿನ ಕಂಬಕ್ಕೆ ಬಡಿದು ಹೊರಗೆ ಹಾರಿತು.

"ಅಯ್ಯೋ ಕೊಕ್ಕರೆ, ಹೋಗಿ ಮೀನು ಹಿಡಿಯೋ!" ಎಂದು ಗುರುತು ಪರಿಚಯವಿಲ್ಲದ ಪ್ರೇಕ್ಷಕನೊಬ್ಬ ಕಿರುಚಿದ.

ಗುಂಡ ತಟ್ಟನೆ ಎದ್ದು ನಿಂತ. "ಹಿಡೀತಾನೆ ಸ್ವಾಮಿ, ಸ್ವಲ್ಪ ತಡ್ಕೊಳ್ಳಿ!"

ಅಕ್ಕ ಮುಖ ಮುಚ್ಚಿಕೊಂಡಳು. ಅಮ್ಮ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಮುಂದಿನ ಚೆಂಡಿಗೆ ಅವನು ಹೆದರಲಿಲ್ಲ. ನುಗ್ಗಿ ಬಂದವನು ಬಲಕ್ಕೆ ವಾಲುವ ಮೊದಲೇ ಅಲ್ಲಿಗೆ ಕಾಲು ಚಾಚಿ ಚೆಂಡು ಕಿತ್ತುಕೊಂಡ. ಆಮೇಲೆ ಎತ್ತರದಿಂದ ಬಂದದ್ದನ್ನು ತಲೆಯಿಂದ ಹೊಡೆದು ದೂರ ಅಟ್ಟಿದ. "ಮೇಲಕ್ಕೆ ಹೋಗ್ರೋ!" ಎಂದು ಅವನು ಕೂಗಿದಾಗ ಅವನಿಗಿಂತ ಹಿರಿಯ ಆಟಗಾರರು ತುಟಿ ಎರಡು ಮಾಡದೆ ಮುಂದಕ್ಕೆ ಸರಿದರು. ಆಟ ಸಮಸಮವಾಗಿ ಮುಗಿಯಿತು.

ಬಟ್ಟೆ ಬದಲಿಸುವ ಕೋಣೆಗೆ ಕೋಚ್ ಬಂದರು.

"ಮೊದಲನೇ ಪಾಸು ಯಾರಿಗೆ ಕೊಟ್ಟೆ?"

"ಅವರಿಗೆ, ಮೇಡಂ."

"ಮುಂದಿನ ವಾರ ನಮ್ಮೋರಿಗೆ ಕೊಡು," ಎಂದು ಹೇಳಿ ಹೋದರು.

ಆ ಮಾತಿನ ಅರ್ಥ ತಲೆಗಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಳಿದದ್ದೇ ತಡ, ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡಿದ್ದವನು ಹಾಗೇ ಹೊರಗೆ ಓಡಿದ.

"ಅಮ್ಮ, ಮುಂದಿನ ವಾರಾನೂ ಆಡಿಸ್ತಾರಂತೆ!"

ಅಮ್ಮ ಅವನ ಹಣೆಯ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಎಂದಿನ ಹಾಗೇ ಇತ್ತು.

"ಹಾಗಾದ್ರೆ ನಾಳೇನೇ ಡಿಪೋದಲ್ಲಿ ರಜ ಕೇಳ್ಬೇಕು."