ಏಳು ಗುಳಿಯ ಹಂಚು

ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬಿದ ದಿನ, ಅವರು ಮಾತು ಬಿಟ್ಟು ಒಂಬತ್ತು ದಿನವೂ ತುಂಬಿತ್ತು. ಎರಡನೆಯದು ಗೊತ್ತಿದ್ದದ್ದು ಮಗಳು ಇರ್ಮಾಗೆ ಮಾತ್ರ. ತ್ರೆಸ್ ಅರೋಯೋಸ್ ಊರಿನ ಡೇನಿಶ್ ವಲಸಿಗರ ಸಂಘದಲ್ಲಿ ಅರವತ್ತು ಜನರನ್ನು ಊಟಕ್ಕೆ ಕೂರಿಸಿದ್ದವಳೂ ಅವಳೇ. ಗುಟ್ಟು ರಟ್ಟಾದರೆ ಊರಿಗೆ ವರ್ಷವಿಡೀ ಅದೇ ಮಾತು. ಪಾಪ, ಅವಳ ಜೀವ ಬಾಯಿಗೆ ಬಂದಿತ್ತು.

ಜಗಳ ಹಂಚಿನದು. ಅಜ್ಜಿ ಡೆನ್ಮಾರ್ಕಿನಿಂದ ಹಡಗಿನಲ್ಲಿ ತಂದ, ಏಳು ಗುಳಿಯ, ಥೇಟ್ ಪಡ್ಡಿನ ಹಂಚು. ಕ್ರಿಸ್ಮಸ್ಸಿಗೆ ಅದರಲ್ಲಿ ಸಿಹಿ ಉಂಡೆ ಬೇಯಿಸದಿದ್ದರೆ ಅಮ್ಮ ಡಾಗ್ಮಾರ್‌ಗೆ ಹಬ್ಬವೇ ಅಲ್ಲ. ಅಪ್ಪ ಆಕ್ಸೆಲ್ ಅದರಲ್ಲಿ ಕೋಳಿಗೂಡಿಗೆಂದು ಏಳು ಬಣ್ಣ ಕಲಸಿದ್ದ!

"ಇರ್ಮಾ, ಗಡ್ಡಕ್ಕೆ ಎಲೆಕೋಸು ಅಂಟಿದೆ ಅಂತ ನಿಮ್ಮಪ್ಪಂಗೆ ಹೇಳು," ಅಂದಳು ಡಾಗ್ಮಾರ್. ಗಂಡ ಪಕ್ಕದಲ್ಲೇ ಇದ್ದ.

"ಕೋಳಿಗಳು ಬಣ್ಣ ಮೆಚ್ಕೊಂಡ್ವು ಅಂತ ನಿಮ್ಮಮ್ಮಂಗೆ ಹೇಳು," ಅಂದ ಆಕ್ಸೆಲ್.

ಇರ್ಮಾಳ ಭಯವೆಲ್ಲ ಮುತ್ತಿನದು. ಇವರ ಔತಣಗಳಲ್ಲಿ ಯಾರಾದರೂ ಚಮಚದಿಂದ ಗ್ಲಾಸು ಬಡಿದರೆ ದಂಪತಿ ಕುರ್ಚಿ ಹತ್ತಿ ಮುತ್ತು ಕೊಡಬೇಕು. ಕಾಲಿಂದ ನೆಲ ಬಡಿದರೆ ಮೇಜಿನ ಕೆಳಗೆ ನುಸುಳಿ ಕೊಡಬೇಕು. ಅದಕ್ಕೇ ಅವಳು ಚಮಚ, ಚಾಕು, ಫೋರ್ಕುಗಳನ್ನೆಲ್ಲ ಬಚ್ಚಿಟ್ಟು, ಸುಟ್ಟ ಪಕ್ಕೆಲುಬಿನ ಮಾಂಸವನ್ನು ಕೈಯಲ್ಲೇ ತಿನ್ನಿ ಎಂದಿದ್ದಳು.

ಆದರೆ ವಿಗ್ಗೋ ಚಿಕ್ಕಪ್ಪ ಎಂಥ ಆಸಾಮಿ! ಕೋಟಿನ ಜೇಬಿನಿಂದ ಮನೆಯಿಂದ ತಂದ ಚಮಚವನ್ನೇ ಹೊರತೆಗೆದ.

"ಚಿಕ್ಕಪ್ಪಾ, ಬೇಡ ಅಂದ್ರೆ ಬೇಡ!" ಎಂದು ಇರ್ಮಾ ಸಿಟ್ಟಿನಿಂದ ಕಾಲು ನೆಲಕ್ಕೆ ಅಪ್ಪಳಿಸಿದಳು.

ಧಡ್!

ಒಂದು ಕ್ಷಣ ಎಲ್ಲರೂ ಅವಳನ್ನೇ ನೋಡಿದರು. ಮರುಕ್ಷಣ ಅರವತ್ತು ಜನರೂ ಕೇಕೆ ಹಾಕುತ್ತ ಮರದ ನೆಲವನ್ನು ಬಡಿಯತೊಡಗಿದರು. ಇರ್ಮಾ ತಲೆ ಚಚ್ಚಿಕೊಂಡಳು. ಇಷ್ಟು ಜನರೆದುರು ಒಲ್ಲೆ ಎನ್ನಲಾಗದೆ ಮುದುಕ ಮುದುಕಿ ಆಚೆಯಿಂದೊಬ್ಬರು ಈಚೆಯಿಂದೊಬ್ಬರು ಮೇಜಿನ ಕೆಳಗೆ ತೂರಿದರು.

ನಿಮಿಷವಾಯಿತು, ಎರಡಾಯಿತು. ಯಾರೂ ಹೊರಬರಲಿಲ್ಲ. ಜನ ಕಾಲು ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟರು.

"ಡಾಗ್ಮಾರ್, ಮಂಡಿ ಹಿಡ್ಕೊಂಡ್ಬಿಡ್ತು ಕಣೇ," ಎಂಬ ದನಿ ಕೇಳಿತು.

ಒಂಬತ್ತು ದಿನದಲ್ಲಿ ಮೊದಲ ಮಾತು! ಇರ್ಮಾ ಮೇಜಿನತ್ತ ಬಾಗಿದಳು.

"ಯಾವ್ದು?"

"ಎಡದ್ದು."

"ನೀವುತ್ತೀನಿ. ಮೊದ್ಲು ಹಂಚಿನ ಮಾತು ಹೇಳ್ರೀ."

"ತಪ್ಪಾಯ್ತು. ಆರು ಗುಳಿ ಉಜ್ಜಿ ಆಯ್ತು. ದಿನಾ ಕೊಟ್ಟಿಗೇಲಿ ಕೂತು ಉಜ್ತಿದ್ದೆ. ನೀಲಿ ಮಾತ್ರ ಬಿಡ್ತಾ ಇಲ್ಲ."

ಮೇಜಿನ ಕೆಳಗೆ ಮೂಗೆಳೆದುಕೊಂಡ ಸದ್ದು, ಆಮೇಲೆ ಕಿಸಕ್ಕನೆ ನಗು. ಇರ್ಮಾಳ ಕಣ್ಣು ತುಂಬಿತು. ಹಾಸುಬಟ್ಟೆಯ ಅಂಚು ಸರಿದು ಅಮ್ಮನ ಕೆದರಿದ ತಲೆ ಹೊರಬಂತು.

"ಏನೇ ಇರ್ಮಾ, ಹಂಗೇ ನಿಂತಿದ್ದೀಯಲ್ಲ? ಇನ್ನೊಂದ್ಸಲ ಕಾಲು ಬಡಿಯೇ!"