ಒಂದೇ ಸ್ವರದವರ ಸಾಲು

ನಮ್ಮ ಶಾಲೆಯಲ್ಲಿ ಸಂಗೀತಕ್ಕೆ ಪಾಠಯೋಜನೆ ಬರೆಯುವುದೆಂದರೆ ನೀರಿನಲ್ಲಿ ಹೋಮ ಮಾಡಿದ ಹಾಗೆ. ಬರೆದು ಕೊಡುತ್ತೇನೆ, ವಾಪಸು ಬರುತ್ತದೆ. ತಿದ್ದಿ ಕೊಡುತ್ತೇನೆ, ಮತ್ತೆ ಬರುತ್ತದೆ. ‘ಮಕ್ಕಳು ಕಲಿತದ್ದನ್ನು ಅಳೆಯುವುದು ಹೇಗೆ?’ ಎಂಬಲ್ಲಿ ‘ಕಿವಿಯಿಂದ’ ಎಂದು ಬರೆದಿದ್ದೆ. ಹೆಡ್ ಮೇಡಂ ಅದರ ಕೆಳಗೆ ಕೆಂಪು ಗೆರೆ ಎಳೆದು ‘ತಮಾಷೆ ಬೇಡ’ ಎಂದು ಬರೆದರು. ತಮಾಷೆ ಯಾರು ಮಾಡಿದ್ದು? ಹಾಡನ್ನು ತಕ್ಕಡಿಯಲ್ಲಿಟ್ಟು ತೂಗಲೆ?

ಈ ಸಲದ ಯೋಜನೆಯನ್ನು ಮಾತ್ರ ಹಟ ಹಿಡಿದು ಬರೆದೆ. ಆಡಳಿತ ಮಂಡಳಿಯ ಅಧ್ಯಕ್ಷರು ಆರನೇ ಬಿ ತರಗತಿಗೆ ಬಂದು ನನ್ನ ಪಾಠ ನೋಡುವವರಿದ್ದರು. ಮುಂದಿನ ವರ್ಷವೂ ಎಲ್ಲ ಮಕ್ಕಳಿಗೆ ಸಂಗೀತದ ಪೀರಿಯಡ್ ಇರಬೇಕೋ, ಇಲ್ಲ ಅದನ್ನು ಗಣಿತಕ್ಕೆ ಕೊಟ್ಟು, ಚೆನ್ನಾಗಿ ಹಾಡುವ ನಾಲ್ಕು ಜನರಿಗೆ ಸಂಜೆ ಒಂದು ತಂಡ ಮಾಡಿದರೆ ಸಾಕೋ ಎಂಬುದು ಅಂದೇ ತೀರ್ಮಾನವಾಗಬೇಕಿತ್ತು.

ಆರನೇ ಬಿಯಲ್ಲಿ ನನ್ನ ಮಗಳೂ ಇದ್ದಾಳೆ. ಸಂಗೀತದ ಟೀಚರ್ ಮಗಳು ಎಂದ ಮೇಲೆ ಕೋಗಿಲೆ ಎಂದುಕೊಂಡರೆ ಅದು ನಿಮ್ಮ ತಪ್ಪು. ಅವಳಿಗಿರುವುದು ಒಂದೇ ಸ್ವರ. ಯಾವ ಹಾಡಾದರೂ ಅದೇ ಸ್ವರದಲ್ಲಿ, ಕಣ್ಣು ಮುಚ್ಚಿ, ಪರಮಾನಂದದಿಂದ, ಬೀದಿಗೆ ಕೇಳುವಷ್ಟು ಜೋರಾಗಿ ಹಾಡುತ್ತಾಳೆ. ತರಗತಿಯಲ್ಲಿ ಅವಳಿಗೆ ‘ಮಿಕ್ಸಿ’ ಎಂದು ಹೆಸರಿಟ್ಟಿದ್ದಾರೆ. ಮೊದಮೊದಲು ಅದನ್ನು ಮನೆಯಲ್ಲಿ ಹೇಳಿಕೊಂಡು ತಾನೇ ನಗುತ್ತಿದ್ದಳು. ಈಚೆಗೆ ನಗುವುದು ಕಡಿಮೆಯಾಗಿತ್ತು.

ಅವಳಂಥವರು ಆ ತರಗತಿಯಲ್ಲಿ ಇನ್ನೂ ಕೆಲವರಿದ್ದಾರೆ. ಅವರನ್ನೆಲ್ಲ ಹಿಂದಿನ ಬೆಂಚುಗಳಲ್ಲಿ ಒಟ್ಟಿಗೆ ಕೂರಿಸಿ, ಅವರಿಗಿರುವ ಒಂದೇ ಸ್ವರವನ್ನು ಅಲುಗಾಡದೆ ಹಿಡಿಯಲು ಕಲಿಸಿದೆ. ಉಳಿದವರ ಹಾಡಿಗೆ ಅದೇ ಶ್ರುತಿ. ಕೀಬೋರ್ಡಿನಲ್ಲಿ ಹುಡುಕಿ, ಹಾಡನ್ನು ಮಗಳ ದನಿಗೆ ಸರಿಯಾಗಿ ಕೆಳಗಿಳಿಸಿದೆ. ಇದು ದಯೆ ದಾಕ್ಷಿಣ್ಯವಲ್ಲ. ಶ್ರುತಿ ಇಲ್ಲದಿದ್ದರೆ ಹಾಡಿಗೆ ನಿಲ್ಲಲು ನೆಲವೇ ಇರುವುದಿಲ್ಲ. ಮೊದಲ ಸಲ ಎರಡೂ ಕೂಡಿ ಬಂದಾಗ ಕಿಟಕಿಯ ಗಾಜು ಗುಂಯ್ ಎಂದಿತು. ಮಗಳು ಎದ್ದು ನಿಂತಳು. ಶಾಲೆಯಲ್ಲಿ ನಾನು ಅವಳಿಗೂ ಮಿಸ್ಸೇ.

“ಮಿಸ್, ಅವರೆಲ್ಲ ನಮ್ಮ ಮೇಲೆ ನಿಂತ್ಕೊಂಡ ಹಾಗಿತ್ತು!” ಎಂದಳು.

ಇದನ್ನು ಹೆಡ್ ಮೇಡಂಗೆ ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

“ಮಿಸ್, ಚೆನ್ನಾಗಿ ಹಾಡೋರನ್ನ ಮುಂದೆ ಕೂರಿಸಿ, ಅಷ್ಟೇ ಸಾಕು. ಆ ಹಿಂದಿನವರು ಬಾಯಿ ಬಿಟ್ರೆ ಅಧ್ಯಕ್ಷರ ಮುಂದೆ ಮಾನ ಉಳಿಯುತ್ತಾ?”

“ಅವರು ಬಾಯಿ ಬಿಟ್ರೇನೇ ಹಾಡು, ಮೇಡಂ. ಪಾಠ ನಿಂತಿರೋದೇ ಅವರ ಮೇಲೆ.”

“ನಾನು ಹೇಳ್ತಿರೋದು ನಿಮಗೆ ಅರ್ಥ ಆಗ್ತಿಲ್ಲ.”

ಮರುದಿನ ಮತ್ತೆ ಅದೇ ಮಾತು. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂದು ಸಂಗೀತದವರನ್ನು ಆಡಿಕೊಳ್ಳುತ್ತಾರೆ. ಹೇಳುವವರು ಒಮ್ಮೆ ನಮ್ಮ ಹೆಡ್ ಮೇಡಂ ಕೋಣೆಯಲ್ಲಿ ಕೂತು ನೋಡಬೇಕು. ಗಣಿತದ ಸರ್ ಅಂತೂ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, “ಹೆತ್ತವರಿಗೆ ಹೆಗ್ಗಣ ಮುದ್ದು, ಬಿಡಿ ಮಿಸ್,” ಎಂದು ನಕ್ಕರು. ಮೈಯೆಲ್ಲ ಉರಿದುಹೋಯಿತು. ಆದರೂ ಯೋಜನೆಯಲ್ಲಿ ಒಂದಕ್ಷರ ಬದಲಾಯಿಸಲಿಲ್ಲ. ಕೊನೆಗೆ ಹೆಡ್ ಮೇಡಂ, “ಆಯ್ತಪ್ಪ, ನಿಮ್ಮಿಷ್ಟ,” ಎಂದು ಸಹಿ ಹಾಕಿಬಿಟ್ಟರು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಅಧ್ಯಕ್ಷರು ಬರುವ ಹಿಂದಿನ ದಿನ ನನ್ನ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟರು. ಪಾಠ ಬಾಕಿ ಇದೆಯಂತೆ. ಅವರ ಪಾಠ ಯಾವಾಗ ಬಾಕಿ ಇರಲಿಲ್ಲ? ಕೊನೆಯ ಅಭ್ಯಾಸ ತಪ್ಪಿತಲ್ಲ ಎಂದು ಸ್ಟಾಫ್ ರೂಮಿನಲ್ಲಿ ಕೂತು ಹಲ್ಲು ಕಡಿದೆ. ಅಂದು ಸಂಜೆ ಮಗಳು ಮನೆಯಲ್ಲಿ ಹಾಡಲಿಲ್ಲ. ನಾಳೆಗೆ ದನಿ ಉಳಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಮರುದಿನ ಅಧ್ಯಕ್ಷರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಹೆಡ್ ಮೇಡಂ ಅವರ ಹಿಂದೆ ನಿಂತರು. ನಾನು ಮಗಳ ಸ್ವರವನ್ನು ಕೀಬೋರ್ಡಿನಲ್ಲಿ ಒಮ್ಮೆ ನುಡಿಸಿ, ಹಿಂದಿನ ಬೆಂಚುಗಳತ್ತ ಎಡಗೈ ಎತ್ತಿದೆ.

ಎಲ್ಲರೂ ಬಾಯಿ ತೆರೆದರು. ದನಿ ಬರಲಿಲ್ಲ.

ಹೆದರಿದ್ದಾರೆ ಎಂದುಕೊಂಡು ಮತ್ತೆ ಕೈ ಎತ್ತಿದೆ. ಅಗಲವಾಗಿ ತೆರೆದ ಬಾಯಿಗಳು, ಉಬ್ಬಿದ ಕತ್ತಿನ ನರಗಳು, ಎಂದಿನಂತೆ ಕಣ್ಣು ಮುಚ್ಚಿದ ನನ್ನ ಮಗಳು. ಸದ್ದು ಮಾತ್ರ ಇಲ್ಲ. ನನ್ನ ಕೈ ನೋಡಿ ಮುಂದಿನವರು ಹಾಡತೊಡಗಿದರು. ಹಾಡು ಸಣ್ಣಗೆ, ಚೆಂದವಾಗಿ ಶುರುವಾಗಿ, ಕೆಳಗೆ ಶ್ರುತಿಯಿಲ್ಲದೆ ಸಾಲುಸಾಲಿಗೂ ಜಾರುತ್ತ ಹೋಯಿತು.

“ಹಿಂದಿನವರು ಹಾಡ್ರೋ! ಜೋರಾಗಿ!” ಎಂದೆ.

ಅವರು ನನ್ನನ್ನು ನೋಡಲಿಲ್ಲ. ಬಾಗಿಲ ಕಡೆ ನೋಡಿದರು. ಅಲ್ಲಿ ಹೆಡ್ ಮೇಡಂ ನಗುತ್ತಲೇ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದರು.

ಹಾಡು ಮುಗಿಯಿತು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಒಳ್ಳೆಯ ಮನುಷ್ಯ, ಅವರನ್ನು ಬೈದು ಪ್ರಯೋಜನವಿಲ್ಲ.

“ಬಹಳ ಇಂಪಾಗಿತ್ತಮ್ಮ. ಮುಂದೆ ಕೂತ ಮಕ್ಕಳು ಎಷ್ಟು ಚೆನ್ನಾಗಿ ಹಾಡ್ತಾರೆ! ಅವರದೇ ಒಂದು ತಂಡ ಮಾಡಿ. ಹಿಂದಿನವರದು ಏನೂ ಕೇಳಿಸಲಿಲ್ಲ. ಪಾಪ, ಅವರನ್ನ ಯಾಕೆ ಸುಮ್ಮನೆ ಕೂರಿಸಬೇಕು? ಆ ಹೊತ್ತಲ್ಲಿ ಎರಡು ಲೆಕ್ಕನಾದ್ರೂ ಕಲಿತಾರೆ.”

“ಸರ್, ಅವರಿಗೆ ದನಿ ಇದೆ. ಇನ್ನೊಂದೇ ಒಂದು ಸಲ ಕೇಳಿ ಸರ್, ದಮ್ಮಯ್ಯ.”

“ಕೇಳಿದೆನಲ್ಲಮ್ಮ,” ಎಂದು ಅವರು ಎದ್ದರು. ಹೆಡ್ ಮೇಡಂ ಮುಖದ ನಗು ಒಮ್ಮೆಲೇ ಇಳಿಯಿತು. ಅವರಿಗೂ ಪೀರಿಯಡ್ ಹೋಗುವುದು ಬೇಕಿರಲಿಲ್ಲ ಎಂದು ಆಗ ತಿಳಿಯಿತು. ತಿಳಿದು ಏನು ಬಂತು? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಕೀಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದೆ. ಯಾರ ಮೇಲಾದರೂ ಕೂಗಾಡಬೇಕು ಎನ್ನಿಸುತ್ತಿತ್ತು. ಹಿಂದಿನಿಂದ ಮಗಳು ಓಡಿಬಂದು ಸೆರಗು ಹಿಡಿದುಕೊಂಡಳು. ಮಿಸ್ ಎನ್ನುವುದನ್ನೂ ಮರೆತಿದ್ದಳು. ಅವಳ ಹಿಂದೆ ಹಿಂದಿನ ಬೆಂಚಿನವರೆಲ್ಲ ಬಂದು ನಿಂತರು. ಎಲ್ಲರ ಮುಖದಲ್ಲೂ ದೊಡ್ಡ ಕೆಲಸ ಮಾಡಿ ಮುಗಿಸಿದ ಖುಷಿ.

“ಅಮ್ಮಾ, ಒಂದು ಚೂರೂ ಸದ್ದು ಬರಲಿಲ್ಲ ಅಲ್ವಾ? ನಿನ್ನೆ ಲೆಕ್ಕದ ಪೀರಿಯಡ್ಡಲ್ಲಿ ಹೆಡ್ ಮೇಡಂ ಬಂದಿದ್ರು. ನಾವು ಬಾಯಿ ಮಾತ್ರ ಆಡಿಸಿದ್ರೆ ನಿನ್ನ ಪೀರಿಯಡ್ ಉಳಿಯುತ್ತೆ, ನಿಂಗೆ ಹೇಳ್ಬಾರ್ದು ಅಂದ್ರು. ನಂಗೆ ಹಾಡ್ಬೇಕು ಅಂತ ತುಂಬಾ ಅನ್ನಿಸ್ತಿತ್ತು, ಆದ್ರೂ ತಡ್ಕೊಂಡೆ. ಉಳೀತು ತಾನೆ?”