ಕೆಂಪು ಬಳಿಸಿಕೊಂಡ ಶಾಲೆ

ಪರದೇಶದ ಈ ವಿಲೆಟನ್‌ನಲ್ಲಿ ನಾನು ಪಾಠ ಮಾಡುವ ಭಾನುವಾರದ ಕನ್ನಡ ಶಾಲೆ ಉಳಿಯಬೇಕಾದರೆ ಪಕ್ಕದ ಕ್ಯಾನಿಂಗ್ ವೇಲ್ ಶಾಲೆಯ ಜೊತೆ ಸೇರಲೇಬೇಕಿತ್ತು. ಅವರಿಗೆ ಕಟ್ಟಡದ ನಿಧಿಯಿತ್ತು. ನಮಗಿದ್ದದ್ದು ಒಂದು ಕೇಸು. ವಾರ್ಷಿಕೋತ್ಸವದಲ್ಲಿ ವೇದಿಕೆಯಿಂದ ಬಿದ್ದು ಕೈ ಮುರಿದುಕೊಂಡ ಮಗುವಿನ ಮನೆಯವರು ಪರಿಹಾರ ಕೇಳಿದ್ದರು, ನಾವು ವಿಮೆ ಕಟ್ಟಲು ಮರೆತಿದ್ದೆವು.

ಸಭೆ ಪಾರ್ಕಿನಲ್ಲಿ, ಅಲ್ಲಿನ ಕಾವಲಿ ಒಲೆ ಬಾರ್ಬಿ ಹಚ್ಚಿಕೊಂಡು. ಅವರ ಅಧ್ಯಕ್ಷ ಅರವಿಂದ ಗಣಿ ಎಂಜಿನಿಯರ್. ಗಣಿಯಲ್ಲಿ ಅಪಾಯ ಅಳೆಯುವ ಹಾಗೆಯೇ ನಮ್ಮ ಶಾಲೆಯನ್ನೂ ಅಳೆದು, ಹಸಿರು, ಹಳದಿ, ಕೆಂಪು ಬಳಿದ ಹಾಳೆ ತಂದಿದ್ದ. ನಮ್ಮ ಪಾಲಿಗೆ ಬರೀ ಕೆಂಪು. ನನಗೆ ಮೈಯೆಲ್ಲ ಉರಿಯಿತು.

"ನಿಮ್ಮ ಕೇಸು ನಮ್ಮ ತಲೆಗೆ ಬಂದ್ರೆ ಕಟ್ಟಡದ ದುಡ್ಡೆಲ್ಲ ಹೋಗ್ಬಿಡುತ್ತೆ. ಪಾಠನಾದ್ರೂ ಇದ್ಯಾ? ನಮ್ಮ ಮಗಳು ಪ್ರಕೃತಿ ಎರಡು ವರ್ಷ ಈ ಫೆಲ್ಸಿ ಹತ್ರ ಕೂತ್ಳು. ಒಂದಕ್ಷರ ಕನ್ನಡ ಅರ್ಥ ಆಗಲ್ಲ ಅವಳಿಗೆ," ಎಂದ ಅರವಿಂದ, ನನ್ನತ್ತ ಕೈ ತೋರಿಸಿ.

ಕುವೈತಿನಲ್ಲಿ ಯಾರ್‍ಯಾರದೋ ಬೈಗುಳ ನುಂಗಿ ಬಂದ ನನ್ನ ಗಂಡ ಲಿಯೋನಾರ್ಡ್ ಇದನ್ನು ಮಾತ್ರ ನುಂಗಲಿಲ್ಲ.

"ಕೆಂಪು ಬಳೀಲಿಕ್ಕೆ ಇದು ನಿನ್ನ ಗಣಿಯಾ ಮಾರಾಯ?"

ಹಾಳೆ ಹರಿದು ಎಸೆದವನೇ ಅರವಿಂದನ ಮೂತಿಗೆ ಗುದ್ದಿದ. ತುಟಿ ಸೀಳಿ ರಕ್ತ ಗಲ್ಲಕ್ಕಿಳಿಯಿತು. ಅರವಿಂದ ಕೊರಳಪಟ್ಟಿ ಹಿಡಿದು ಅವನ ಹೊಟ್ಟೆಗೆ ಮೊಣಕಾಲು ಕೊಟ್ಟ. ಬಿಡಿಸಲು ಹೋದ ನನ್ನ ಮೂಗಿಗೆ ಯಾರದೋ ಮೊಣಕೈ ಬಡಿದು ಬಾಯಿ ತುಂಬ ರಕ್ತ. ಅಷ್ಟರಲ್ಲಿ ಅರವಿಂದ ಲಿಯೋನಾರ್ಡನ ಮಣಿಕಟ್ಟು ತಿರುಚಿ, ಅಂಗೈಯನ್ನು ಕಾದ ಕಾವಲಿಗೆ ಒತ್ತಿ ಹಿಡಿದ. ಚರ್ಮ ಚುರ್ರೆಂದಿತು. ನನ್ನ ಗಂಡ ಹಾಗೆ ಅರಚಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಪಕ್ಕದ ಬೆಂಚಿನವರು ಪೊಲೀಸರಿಗೆ ಫೋನ್ ಮಾಡಿದರು. ಅರವಿಂದನ ಹೆಂಡತಿ ಶಾಂತಾ ಮಗಳನ್ನು ಪಕ್ಕದಲ್ಲಿಟ್ಟುಕೊಂಡೇ ನನ್ನ ಬಳಿ ಓಡಿಬಂದಳು.

"ಫೆಲ್ಸಿ, ಜಾರಿ ಕೈ ಊರ್ಬಿಟ್ರು ಅಂತ ಹೇಳ್ಬಿಡಿ. ಎಲ್ರೂ ಅದನ್ನೇ ಹೇಳ್ತೀವಿ. ಇವತ್ತೇ ಸೇರ್ಪಡೆ ಪತ್ರಕ್ಕೆ ಇವ್ರ ಕೈಲಿ ಸೈನ್ ಹಾಕಿಸ್ತೀನಿ, ನಿಮ್ಮ ಶಾಲೆ ಉಳಿಯುತ್ತೆ."

ಲಿಯೋನಾರ್ಡ್ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದ. ಅವನನ್ನು ನೋಡಿದೆ. ಹೂಂ ಎನ್ನುವಂತೆ ಕಣ್ಣು ಮುಚ್ಚಿದ. ಗಂಡನ ಸುಟ್ಟ ಕೈಗೆ ಬದಲಾಗಿ ಶಾಲೆ ಪಡೆಯುತ್ತಿದ್ದೇನೆ ಎಂದು ನಾಚಿಕೆಯಾಯಿತು. ಆದರೂ ತಲೆಯಾಡಿಸಿದೆ.

ಪೊಲೀಸಿನವಳು ಬಂದು ಕೇಳಿದಳು. ಎಲ್ಲರೂ ಜಾರಿದ ಕಥೆಯನ್ನೇ ಹೇಳಿದೆವು. ಕೊನೆಗೆ ಅವಳು ಪ್ರಕೃತಿಯ ಮುಂದೆ ಮಂಡಿಯೂರಿ, ನೀನು ನೋಡಿದೆಯಾ ಎಂದಳು.

ಹುಡುಗಿ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಅಪ್ಪ ಅಂಕಲ್ ಕೈಯನ್ನು ಒತ್ತಿ ಹಿಡಿದ. ಜಾರಿದರು ಅಂತ ಹೇಳಿ ಎಂದು ಅಮ್ಮ ಕನ್ನಡದಲ್ಲಿ ಹೇಳಿಕೊಟ್ಟಳು. ಹಾಗೆ ಹೇಳಿದರೆ ಸೈನ್ ಹಾಕಿಸುತ್ತಾಳಂತೆ, ಆಂಟಿಯ ಶಾಲೆ ಉಳಿಯುತ್ತದಂತೆ.

ಶಾಂತಾ ಮಗಳ ಕೆನ್ನೆಗೆ ಎತ್ತಿದ ಕೈಯನ್ನು ಪೊಲೀಸಿನವಳು ತಡೆದಳು. ಅರವಿಂದನನ್ನು ಕರೆದೊಯ್ದರು. ಸೇರ್ಪಡೆಯ ಮಾತು ಅಲ್ಲಿಗೇ ಸತ್ತಿತು, ಜೊತೆಗೆ ನನ್ನ ಶಾಲೆಯೂ.

ಆಂಬುಲೆನ್ಸಿನಲ್ಲಿ ಲಿಯೋನಾರ್ಡನ ಪಕ್ಕ ಕೂತು ಜೋರಾಗಿ ಅತ್ತೆ.

"ಕೇಳಿದಿರಾ?" ಎಂದೆ. "ಒಂದು ಮಾತೂ ಬಿಡ್ಲಿಲ್ಲ ಅವಳು. ನಾನು ಕಲಿಸಿದ ಹುಡುಗಿ."